ಮತ್ತೊಮ್ಮೆ ಒತ್ತಿದರೆ ಏನಾಗುತ್ತದೆ?

ತರಕಾರಿ ಅಂಗಡಿಯಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಮೊತ್ತ ಹಾಕಿ, ಪಿನ್ ಒತ್ತಿದ್ದಾಯಿತು. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇದೆ. ಹಣ ಬಂತೆಂದು ಕೂಗಿ ಹೇಳಬೇಕಾದ ಪೆಟ್ಟಿಗೆ ಸುಮ್ಮನಿದೆ. ಹಿಂದೆ ನಿಂತವರು ಗೊಣಗತೊಡಗಿದ್ದಾರೆ. "ಬಂದಿಲ್ಲ ಸಾರ್, ಇನ್ನೊಂದ್ಸಲ ಹಾಕಿ" ಎನ್ನುತ್ತಾರೆ ಅಂಗಡಿಯವರು. ನಾವು ಹಾಕುತ್ತೇವೆ. ಹತ್ತನೇ ತರಗತಿಯ ಫಲಿತಾಂಶ ಬರುವ ದಿನವೂ ಇದೇ ಕತೆ. ಬೆಳಿಗ್ಗೆ ಹತ್ತಕ್ಕೆ ಎಸಿ ತತ್ಕಾಲ್ ಬುಕಿಂಗ್ ತೆರೆದಾಗಲೂ ಇದೇ ಕತೆ. ಪುಟ ತೆರೆಯದಿದ್ದರೆ ಎಲ್ಲರ ಬೆರಳೂ ಮತ್ತೆ ಅದೇ ಗುಂಡಿಯ ಮೇಲೆ ಹೋಗುತ್ತದೆ.

"ಜನ ಜಾಸ್ತಿ ಆದ್ರು, ಸರ್ವರ್ ಡೌನ್ ಆಯ್ತು" ಎಂಬ ವಿವರಣೆ ಎಲ್ಲರ ಬಾಯಲ್ಲೂ ಇದೆ. ಅದು ಅರ್ಧ ನಿಜ. ಜನ ಜಾಸ್ತಿಯಾದದ್ದೇ ಕಾರಣವಾಗಿದ್ದರೆ ಜನ ಕಡಿಮೆಯಾದ ಕೂಡಲೇ ಎಲ್ಲವೂ ಸರಿಹೋಗಬೇಕಿತ್ತು. ಎಷ್ಟೋ ಸಲ ಹಾಗಾಗುವುದಿಲ್ಲ. ತೊಂದರೆ ಕೊಟ್ಟ ಕಾರಣ ಕೆಲವೇ ನಿಮಿಷಗಳಲ್ಲಿ ಮಾಯವಾಗಿರುತ್ತದೆ, ವ್ಯವಸ್ಥೆ ಮಾತ್ರ ಗಂಟೆಗಟ್ಟಲೆ ಮಲಗಿರುತ್ತದೆ. ಯಂತ್ರಗಳು ಚಾಲೂ ಇವೆ, ಯಾವುದೂ ಕೆಟ್ಟಿಲ್ಲ, ಎಲ್ಲವೂ ಬಿಡುವಿಲ್ಲದೆ ದುಡಿಯುತ್ತಿವೆ. ಆದರೂ ಯಾರ ಕೆಲಸವೂ ಮುಗಿಯುತ್ತಿಲ್ಲ. ಇದು ಹೇಗೆ ಸಾಧ್ಯ? ಈ ಅಧ್ಯಾಯ ಹಿಡಿದು ಹೊರಟಿರುವುದು ಈ ಒಗಟನ್ನು.

ಒಂದು ಪಾವತಿಯ ದಾರಿ

ಯುಪಿಐ ಪಾವತಿ ಎನ್ನುವುದು ಫೋನಿನಿಂದ ಫೋನಿಗೆ ನೇರವಾಗಿ ಹಾರುವ ಹಣವಲ್ಲ. ನೀವು ಪಿನ್ ಒತ್ತಿದ ಮೇಲೆ ಕೋರಿಕೆ ಮೊದಲು ಆ್ಯಪ್‌ನ ಕಂಪ್ಯೂಟರುಗಳಿಗೆ ಹೋಗುತ್ತದೆ. ಅಲ್ಲಿಂದ ಆ ಆ್ಯಪ್‌ನ ಜೊತೆಗಾರ ಬ್ಯಾಂಕಿಗೆ. ಅಲ್ಲಿಂದ ಇಡೀ ದೇಶದ ಯುಪಿಐ ನಡೆಸುವ ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್‌ಗೆ, ಅಂದರೆ ಎನ್‌ಪಿಸಿಐಗೆ. ಎನ್‌ಪಿಸಿಐ ನಿಮ್ಮ ಖಾತೆಯಿರುವ ಬ್ಯಾಂಕನ್ನು ಕೇಳುತ್ತದೆ: ಇವರ ಪಿನ್ ಸರಿಯೇ, ಹಣ ಇದೆಯೇ, ಇದ್ದರೆ ಕಳೆಯಿರಿ. ಆ ಬ್ಯಾಂಕು ಹೂಂ ಎಂದ ಮೇಲೆ ಅಂಗಡಿಯವರ ಬ್ಯಾಂಕಿಗೆ ಸೂಚನೆ ಹೋಗುತ್ತದೆ: ಇವರ ಖಾತೆಗೆ ಇಷ್ಟು ಜಮಾ ಮಾಡಿ. ಉತ್ತರ ಅದೇ ದಾರಿಯಲ್ಲಿ ಹಿಂದಿರುಗಿ ನಿಮ್ಮ ಪರದೆಯ ಮೇಲೆ ಹಸಿರು ಗುರುತಾಗಿ ಮೂಡುತ್ತದೆ.

2016ರಲ್ಲಿ ಶುರುವಾದ ಈ ವ್ಯವಸ್ಥೆ 2025ರ ಆಗಸ್ಟ್ ತಿಂಗಳೊಂದರಲ್ಲೇ 2,000 ಕೋಟಿಗೂ ಹೆಚ್ಚು ವಹಿವಾಟು ನಡೆಸಿತು. ಹಗಲು ರಾತ್ರಿ ಸೇರಿಸಿ ಸರಾಸರಿ ತೆಗೆದರೂ ಸೆಕೆಂಡಿಗೆ 7,400 ದಾಟುತ್ತದೆ. ಜನ ಬ್ಯಾಂಕಿನ ಮೇಲೆ ನಂಬಿಕೆ ಇಟ್ಟಂತೆಯೇ ಇದರ ಮೇಲೂ ನಂಬಿಕೆ ಇಟ್ಟು ಜೇಬಿನಲ್ಲಿ ನೋಟಿಲ್ಲದೆ ಮನೆಯಿಂದ ಹೊರಡುತ್ತಾರೆ. ಅದು ಸಣ್ಣ ಸಾಧನೆಯಲ್ಲ.

ಇಷ್ಟು ಕೈ ದಾಟುವ ಕೆಲಸದಲ್ಲಿ ಒಂದು ಹೊಸ ಬಗೆಯ ಕಷ್ಟವಿದೆ. ಒಂದೇ ಕಂಪ್ಯೂಟರಿನೊಳಗೆ ನಡೆಯುವ ಕೆಲಸ ಆಯಿತು, ಇಲ್ಲವೇ ಆಗಲಿಲ್ಲ, ಅಲ್ಲಿಗೆ ಮುಗಿಯಿತು. ಹಲವು ಊರುಗಳಲ್ಲಿರುವ ಹಲವು ಕಂಪ್ಯೂಟರುಗಳು ಸೇರಿ ಮಾಡುವ ಕೆಲಸಕ್ಕೆ ಮೂರನೆಯ ಫಲಿತಾಂಶವೂ ಉಂಟು: ಗೊತ್ತಿಲ್ಲ. ಆಚೆ ಬದಿಯ ಯಂತ್ರ ಸತ್ತುಹೋಗಿದೆಯೋ, ನಿಧಾನವಾಗಿದೆಯೋ, ಕೆಲಸ ಮುಗಿಸಿಯೂ ಉತ್ತರ ದಾರಿಯಲ್ಲಿ ಕಳೆದುಹೋಯಿತೋ ಎಂಬುದನ್ನು ಈಚೆ ಕೂತ ಯಂತ್ರ ಖಚಿತವಾಗಿ ತಿಳಿಯುವ ಉಪಾಯವೇ ಇಲ್ಲ. ಅದಕ್ಕೆ ಕಾಣುವುದು ಮೌನ ಮಾತ್ರ. ಹಾಗಾಗಿ ಪ್ರತಿ ಯಂತ್ರವೂ ಒಂದು ಗಡುವು ಇಟ್ಟುಕೊಂಡಿರುತ್ತದೆ. ಅಷ್ಟರೊಳಗೆ ಉತ್ತರ ಬಾರದಿದ್ದರೆ ಮತ್ತೊಮ್ಮೆ ಕೇಳುತ್ತದೆ. ಇದನ್ನು ಮರುಯತ್ನ ಎಂದು ಕರೆಯೋಣ. ಇಂಜಿನಿಯರುಗಳ ಬಾಯಲ್ಲಿ ಇದು ರಿಟ್ರೈ.

ಮರುಯತ್ನ ಒಳ್ಳೆಯ ಅಭ್ಯಾಸ. ಕ್ಷಣಮಾತ್ರ ಸಂಪರ್ಕ ತಪ್ಪಿದಾಗ ಎರಡನೆಯ ಸಲಕ್ಕೆ ಕೆಲಸ ಆಗಿಯೇ ಆಗುತ್ತದೆ. ದಿನನಿತ್ಯ ಸಾವಿರಾರು ಸಣ್ಣ ತೊಡಕುಗಳು ನಮ್ಮ ಕಣ್ಣಿಗೆ ಬೀಳದೆ ಕಳೆದುಹೋಗುವುದು ಇದರಿಂದಲೇ. ಆದರೆ ಈ ಒಳ್ಳೆಯ ಅಭ್ಯಾಸಕ್ಕೆ ಒಂದು ಕೆಟ್ಟ ಮುಖವಿದೆ. ಅದನ್ನು ಕಾಣಲು ಒಂದು ದರ್ಶಿನಿ ಹೋಟೆಲಿಗೆ ಹೋಗೋಣ.

ಕಾವಲಿಯ ಮುಂದಿನ ಸಾಲು

ಈ ಹೋಟೆಲಿನಲ್ಲಿ ಕ್ಯಾಷ್ ಕೌಂಟರಿನಲ್ಲಿ ಚೀಟಿ ತೆಗೆದುಕೊಂಡು ಒಳಗೆ ಕೊಟ್ಟರೆ ದೋಸೆ ಬರುತ್ತದೆ. ಭಟ್ಟರ ಕಾವಲಿಯ ಮೇಲೆ ಗಂಟೆಗೆ 100 ದೋಸೆ ಆಗುತ್ತದೆ, ಅದಕ್ಕಿಂತ ಒಂದೂ ಹೆಚ್ಚಿಲ್ಲ. ಗಂಟೆಗೆ 80 ಗಿರಾಕಿ ಬಂದರೆ ಸಾಕಾಗಿ ಮಿಕ್ಕಬೇಕು.

ಗಿರಾಕಿಗಳು ಗಡಿಯಾರ ನೋಡಿಕೊಂಡು ಒಬ್ಬೊಬ್ಬರಾಗಿ ಬಂದಿದ್ದರೆ ಸಾಲೇ ಆಗುತ್ತಿರಲಿಲ್ಲ. ಆದರೆ ಐದು ನಿಮಿಷ ಯಾರೂ ಬರುವುದಿಲ್ಲ, ಆಮೇಲೆ ಆರು ಜನ ಒಟ್ಟಿಗೆ ನುಗ್ಗುತ್ತಾರೆ. ಖಾಲಿ ಹೋದ ಐದು ನಿಮಿಷವನ್ನು ಭಟ್ಟರು ಕೂಡಿಡಲಾರರು. ಹೀಗೆ ಹೊತ್ತುಗೊತ್ತಿಲ್ಲದೆ ಬರುವವರ ಸಾಲು ಎಷ್ಟು ಬೆಳೆಯುತ್ತದೆ ಎಂಬುದನ್ನು ಮೊದಲು ಲೆಕ್ಕ ಹಾಕಿದವರು ಡೆನ್ಮಾರ್ಕಿನ ಎ. ಕೆ. ಎರ್ಲಾಂಗ್. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಅವರು 1909ರಲ್ಲಿ ದೂರವಾಣಿ ಕರೆಗಳ ಬಗ್ಗೆ ಬರೆದ ಲೇಖನದಿಂದ ಸಾಲುಗಳ ಗಣಿತ ಶುರುವಾಯಿತು.

ಆ ಗಣಿತದ ಸರಳ ಲೆಕ್ಕವೊಂದು ಹೀಗಿದೆ. ಒಂದು ಕೆಲಸಕ್ಕೆ ಸರಾಸರಿ ಒಂದು ನಿಮಿಷ ಬೇಕು ಎನ್ನಿ. ಕೆಲಸಗಾರ ಅರ್ಧ ಹೊತ್ತು ಮಾತ್ರ ದುಡಿಯುತ್ತಿದ್ದರೆ ಸಾಲಿನಲ್ಲಿ ಸರಾಸರಿ ಕಾಯುವಿಕೆ 1 ನಿಮಿಷ. ಶೇ 80ರಷ್ಟು ಹೊತ್ತು ದುಡಿಯುತ್ತಿದ್ದರೆ 4 ನಿಮಿಷ. ಶೇ 90 ಆದರೆ 9 ನಿಮಿಷ, ಶೇ 95 ಆದರೆ 19 ನಿಮಿಷ, ಶೇ 99 ಆದರೆ 99 ನಿಮಿಷ. ಹೊರೆ ಮೆಟ್ಟಿಲು ಮೆಟ್ಟಿಲಾಗಿ ಏರಿದರೆ ಕಾಯುವಿಕೆ ಗೋಡೆಯಂತೆ ನೆಟ್ಟಗೆ ಏರುತ್ತದೆ. ನಿನ್ನೆಯವರೆಗೂ ಸರಾಗವಾಗಿ ನಡೆದ ವ್ಯವಸ್ಥೆ ಇವತ್ತು ಇದ್ದಕ್ಕಿದ್ದಂತೆ ತೆವಳತೊಡಗುವುದು ಇದಕ್ಕೇ. ನಿನ್ನೆ ಶೇ 90ರಲ್ಲಿ ಇದ್ದದ್ದು ಇವತ್ತು ಶೇ 99 ಮುಟ್ಟಿರುತ್ತದೆ, ಅಷ್ಟೇ.

ತಿನ್ನುವವರಿಲ್ಲದ ದೋಸೆ

ಈಗ ನಮ್ಮ ಹೋಟೆಲಿನ ಗಿರಾಕಿಗಳಿಗೆ ಒಂದು ನಿಯಮ ಹಾಕೋಣ. ಚೀಟಿ ಕೊಟ್ಟು ಐದು ನಿಮಿಷದೊಳಗೆ ದೋಸೆ ಬಾರದಿದ್ದರೆ ಗಿರಾಕಿ ಆ ಚೀಟಿಯನ್ನು ಮರೆತುಬಿಡುತ್ತಾನೆ. ಕ್ಯಾಷ್ ಕೌಂಟರಿಗೆ ಹೋಗಿ ಹೊಸ ಚೀಟಿ ತರುತ್ತಾನೆ. ಹಳೆಯ ಚೀಟಿ ಭಟ್ಟರ ಮುಂದಿನ ಸಾಲಿನಲ್ಲೇ ಉಳಿದಿರುತ್ತದೆ. ಅದಕ್ಕೆ ವಾರಸುದಾರ ಇಲ್ಲವೆಂದು ಭಟ್ಟರಿಗೆ ಗೊತ್ತಿಲ್ಲ. ಕಂಪ್ಯೂಟರುಗಳ ಗಡುವು ಮತ್ತು ಮರುಯತ್ನ ನಡೆಯುವುದು ತದ್ವತ್ ಹೀಗೆಯೇ.

ಒಂದು ಪ್ರವಾಸಿ ಬಸ್ಸು ಬಂತು. ಮೂವತ್ತು ಜನ ಇಳಿದು ಮೂವತ್ತು ಚೀಟಿ ಕೊಟ್ಟರು. ಸಾಲು ಹದಿನೆಂಟು ನಿಮಿಷದಷ್ಟು ಉದ್ದವಾಯಿತು. ಸ್ವಲ್ಪ ಹೊತ್ತು ಕಾದು, ಬೇಸತ್ತು, ಬಸ್ಸಿನವರು ಹೊರಟೇ ಹೋದರು. ತೊಂದರೆಯ ಮೂಲ ಅಲ್ಲಿಗೆ ಮುಗಿಯಿತು. ಇನ್ನು ಉಳಿದದ್ದು ಎಂದಿನಂತೆ ಗಂಟೆಗೆ 80 ಗಿರಾಕಿ, ಭಟ್ಟರ ಶಕ್ತಿ 100.

ಆದರೆ ಸಾಲು ಕರಗುವುದಿಲ್ಲ. ಏಕೆಂದರೆ ಬಸ್ಸು ಹೋದ ಮೇಲೆ ಬಂದ ಮೊದಲ ಗಿರಾಕಿಯ ಮುಂದೆ ಇನ್ನೂ ಐದು ನಿಮಿಷಕ್ಕಿಂತ ಉದ್ದದ ಸಾಲಿದೆ. ಐದು ನಿಮಿಷ ಕಾದು ಅವನು ಎರಡನೆಯ ಚೀಟಿ ತರುತ್ತಾನೆ. ಮತ್ತೆ ಐದು ನಿಮಿಷಕ್ಕೆ ಮೂರನೆಯದು. ಎಲ್ಲರೂ ಹಾಗೆಯೇ. ತಲೆಗೆ ಎರಡೇ ಚೀಟಿ ಎಂದರೂ 80 ಗಿರಾಕಿಗಳಿಂದ ಗಂಟೆಗೆ 160 ಚೀಟಿ. ಭಟ್ಟರು ಮಾಡಬಲ್ಲದ್ದು 100. ಸಾಲು ಬೆಳೆಯುತ್ತಲೇ ಹೋಗುತ್ತದೆ, ಬೆಳೆದಷ್ಟೂ ಇನ್ನಷ್ಟು ಚೀಟಿ ಹುಟ್ಟುತ್ತದೆ.

ಇನ್ನೂ ಹತ್ತಿರ ಹೋಗಿ ಕಾವಲಿಯ ಮೇಲೆ ಏನಿದೆ ನೋಡಿ. ಭಟ್ಟರ ಕೈಗೆ ಬರುವ ಪ್ರತಿ ಚೀಟಿಯೂ ಐದು ನಿಮಿಷಕ್ಕಿಂತ ಹಳೆಯದು, ಅಂದರೆ ಅದನ್ನು ಕೊಟ್ಟವನು ಆಗಲೇ ಅದನ್ನು ಮರೆತಾಗಿದೆ. ಭಟ್ಟರು ಬೆವರು ಸುರಿಸಿ ಗಂಟೆಗೆ 100 ದೋಸೆ ಹುಯ್ಯುತ್ತಿದ್ದಾರೆ, ಒಂದನ್ನೂ ಯಾರೂ ತೆಗೆದುಕೊಳ್ಳುತ್ತಿಲ್ಲ. ಹೊರಗೆ ಎಲ್ಲರೂ ಹಸಿದು ನಿಂತಿದ್ದಾರೆ. ದುಡಿಮೆ ನೂರಕ್ಕೆ ನೂರು, ಫಲ ಸೊನ್ನೆ.

ನಾವು ಹುಡುಕುತ್ತಿದ್ದ ಉತ್ತರ ಇದು. ಮೊದಲ ಪೆಟ್ಟು ಕೊಡುವುದು ಜನಸಂದಣಿ ಇರಬಹುದು, ಕ್ಷಣಕಾಲದ ನೆಟ್‌ವರ್ಕ್ ತೊಡಕಿರಬಹುದು. ಆ ಪೆಟ್ಟಿನಿಂದ ಸಾಲು ಗಡುವನ್ನು ಮೀರಿ ಬೆಳೆದರೆ ಸಾಕು, ಅಲ್ಲಿಂದ ಮುಂದೆ ವ್ಯವಸ್ಥೆಯನ್ನು ಕೆಳಗೆ ಅದುಮಿ ಹಿಡಿಯುವುದು ಅದರದೇ ಮರುಯತ್ನಗಳು. ಇದನ್ನು ಮರುಯತ್ನದ ಬಿರುಗಾಳಿ ಎನ್ನಬಹುದು. ಕಾರಣ ಕಳೆದ ಮೇಲೂ ಏಳದ ಈ ಹೂತುಹೋದ ಸ್ಥಿತಿಗೆ 2021ರಲ್ಲಿ ನೇಥನ್ ಬ್ರಾನ್ಸನ್ ಮತ್ತು ಸಂಗಡಿಗರು ಮೆಟಾಸ್ಟೇಬಲ್ ವೈಫಲ್ಯ ಎಂದು ಹೆಸರಿಟ್ಟು, ಬೇರೆ ಬೇರೆ ಕಡೆ ಕಾಣುವ ಕುಸಿತಗಳಿಗೆ ಸಮಾನವಾದ ಈ ರಚನೆಯನ್ನು ವಿವರಿಸಿದರು.

ಇನ್ನಷ್ಟು ಕಂಪ್ಯೂಟರು ಸೇರಿಸಿದರೆ ಆಗದೇ ಎಂದು ಕೇಳಬಹುದು. ಯಾವುದನ್ನು ಸೇರಿಸುತ್ತೀರಿ ಎಂಬುದರ ಮೇಲೆ ಅದು ನಿಂತಿದೆ. ಕಾವಲಿ ಒಂದೇ ಇದ್ದು ಕ್ಯಾಷ್ ಕೌಂಟರು ನಾಲ್ಕು ಮಾಡಿದರೆ ಚೀಟಿ ಇನ್ನೂ ಬೇಗ ಹುಟ್ಟುತ್ತದೆ, ದೋಸೆ ಹುಟ್ಟುವುದಿಲ್ಲ. ಪುಟ ತೋರಿಸುವ ಕಂಪ್ಯೂಟರುಗಳನ್ನು ಒಂದಕ್ಕೆ ಹತ್ತು ಮಾಡುವುದು ಸುಲಭ. ಆದರೆ ನಿಮ್ಮ ಖಾತೆಯಲ್ಲಿ ಎಷ್ಟು ಹಣ ಉಳಿದಿದೆ ಎಂಬ ಲೆಕ್ಕ ಒಂದು ಕಡೆ ಒಂದೇ ಇರಬೇಕು. ಹತ್ತು ಕಡೆ ಹತ್ತು ಪ್ರತಿ ಇಟ್ಟು, ಹತ್ತೂ ಕಡೆಯಿಂದ ಅದೇ ಹಣ ತೆಗೆಯಲು ಬಿಟ್ಟರೆ ಬ್ಯಾಂಕು ಉಳಿಯುವುದಿಲ್ಲ. ರೈಲಿನ ಒಂದು ಸೀಟಿಗೂ ಇದೇ ಮಾತು. ದೊಡ್ಡ ವ್ಯವಸ್ಥೆಗಳಲ್ಲಿ ಎಲ್ಲೋ ಒಂದು ಕಡೆ ಕಾವಲಿ ಒಂದೇ ಇರುತ್ತದೆ, ಸಾಲು ಕಟ್ಟುವುದು ಅಲ್ಲಿಯೇ.

ಮೂರು ಮೂರ್ಲೆ ಒಂಬತ್ತು

ನಿಜವಾದ ವ್ಯವಸ್ಥೆಗಳಲ್ಲಿ ಹಂತಗಳು ಹಲವು. ಪ್ರತಿ ಹಂತವನ್ನೂ ಬೇರೆ ಬೇರೆ ತಂಡ ಬರೆದಿರುತ್ತದೆ. ಪ್ರತಿ ತಂಡವೂ ಜವಾಬ್ದಾರಿಯಿಂದ, "ಉತ್ತರ ಬಾರದಿದ್ದರೆ ಒಟ್ಟು ಮೂರು ಸಲ ಪ್ರಯತ್ನಿಸು" ಎಂದು ಬರೆದಿದೆ ಎನ್ನಿ. ಮೇಲಿನ ಹಂತ ಮೂರು ಸಲ ಕೇಳುತ್ತದೆ. ಅದರಲ್ಲಿ ಒಂದೊಂದಕ್ಕೂ ಎರಡನೆಯ ಹಂತ ಮೂರು ಸಲ ಕೇಳುತ್ತದೆ: ಒಂಬತ್ತು. ಮೂರನೆಯ ಹಂತ ಸೇರಿದರೆ ಇಪ್ಪತ್ತೇಳು. ನಾಲ್ಕನೆಯದು ಸೇರಿದರೆ ಎಂಬತ್ತೊಂದು. ಫೋನು ಹಿಡಿದವರು ಒಂದೇ ಸಲ ಒತ್ತಿದ್ದು ತಳದಲ್ಲಿರುವ ದತ್ತಾಂಶ ಭಂಡಾರಕ್ಕೆ 81 ಕೋರಿಕೆಯಾಗಿ ತಲುಪುತ್ತದೆ, ಅದೂ ಅದು ಏದುಸಿರು ಬಿಡುತ್ತಿರುವ ಗಳಿಗೆಯಲ್ಲಿ. ಒಬ್ಬ ಇಂಜಿನಿಯರ್ ಕೂಡ ತಪ್ಪು ಮಾಡಿಲ್ಲ. ಬಿಡಿಬಿಡಿಯಾಗಿ ಸರಿಯಾದ ನಾಲ್ಕು ತೀರ್ಮಾನಗಳು ಸೇರಿ ಒಂದು ಅನಾಹುತ.

ವರ್ಜೀನಿಯಾದ ಒಂದು ಭಾನುವಾರ

2015ರ ಸೆಪ್ಟೆಂಬರ್ 20, ಭಾನುವಾರ. ಅಮೆರಿಕದ ವರ್ಜೀನಿಯಾದಲ್ಲಿರುವ ಅಮೆಜಾನ್ ವೆಬ್ ಸರ್ವಿಸಸ್‌ನ ಕೇಂದ್ರದಲ್ಲಿ, ಪೆಸಿಫಿಕ್ ಕಾಲಮಾನದ ಬೆಳಗಿನ ಜಾವ 2:13ಕ್ಕೆ ನೆಟ್‌ವರ್ಕ್ ಒಂದಿಷ್ಟು ಹೊತ್ತು ಕೈಕೊಟ್ಟಿತು. ಅಲ್ಲಿ ಡೈನಮೋಡಿಬಿ ಎಂಬ ದತ್ತಾಂಶ ಸೇವೆ ನಡೆಯುತ್ತದೆ. ದತ್ತಾಂಶ ಇಟ್ಟುಕೊಂಡಿರುವ ಯಂತ್ರಗಳು, ತಮ್ಮ ಪಾಲಿಗೆ ಯಾವ ಭಾಗ ಬಂದಿದೆ ಎಂಬ ಪಟ್ಟಿಯನ್ನು ಆಗಾಗ ಒಂದು ಕೇಂದ್ರ ಸೇವೆಯಿಂದ ಕೇಳಿ ಖಚಿತಪಡಿಸಿಕೊಳ್ಳುತ್ತವೆ. ಉತ್ತರ ಸಿಗದಿದ್ದರೆ ತಪ್ಪು ದತ್ತಾಂಶ ಕೊಡುವುದಕ್ಕಿಂತ ಸುಮ್ಮನಿರುವುದು ಮೇಲೆಂದು ಕೆಲಸದಿಂದ ಹಿಂದೆ ಸರಿಯುತ್ತವೆ. ಒಳ್ಳೆಯ ನಿಯಮವೇ.

ನೆಟ್‌ವರ್ಕ್ ಬೇಗನೆ ಸರಿಯಾಯಿತು. ಆದರೆ ಅಷ್ಟರಲ್ಲಿ ಅಸಂಖ್ಯ ಯಂತ್ರಗಳು ಒಟ್ಟಿಗೆ ತಮ್ಮ ಪಟ್ಟಿ ಕೇಳತೊಡಗಿದ್ದವು. ಸೇವೆಗೆ ಹೊಸ ಸೌಲಭ್ಯಗಳು ಸೇರಿದ್ದರಿಂದ ಆ ಪಟ್ಟಿಗಳು ಹಿಂದಿನ ತಿಂಗಳುಗಳಲ್ಲಿ ಸದ್ದಿಲ್ಲದೆ ದೊಡ್ಡದಾಗಿದ್ದವು. ಕೊಡಲು ಹೆಚ್ಚು ಹೊತ್ತು ಬೇಕಾಗುತ್ತಿತ್ತು. ಉತ್ತರ ಗಡುವು ದಾಟಿತು. ಯಂತ್ರಗಳು ಮತ್ತೆ ಕೇಳಿದವು, ಮತ್ತೆ ಗಡುವು ದಾಟಿತು. ಕೇಂದ್ರ ಸೇವೆಗೆ ಹೆಚ್ಚಿನ ಶಕ್ತಿ ತುಂಬೋಣವೆಂದು ಇಂಜಿನಿಯರುಗಳು ಹೊರಟರೆ, ಹೊರೆ ಎಷ್ಟಿತ್ತೆಂದರೆ ಅವರ ಆಡಳಿತದ ಆದೇಶಗಳೂ ಒಳಗೆ ಹೋಗಲಿಲ್ಲ. ಕೊನೆಗೆ 5:06ಕ್ಕೆ ಅವರು ಮಾಡಿದ್ದು ಒಂದೇ ಕೆಲಸ: ಆ ಸೇವೆಗೆ ಬರುತ್ತಿದ್ದ ಕೋರಿಕೆಗಳನ್ನು ನಿಲ್ಲಿಸಿದರು. ಹೊರೆ ಇಳಿಯಿತು, ಶಕ್ತಿ ಸೇರಿಸಲು ಜಾಗವಾಯಿತು, ಆಮೇಲೆ ಕೋರಿಕೆಗಳನ್ನು ಮತ್ತೆ ಬಿಟ್ಟರು. 7:10ರ ಹೊತ್ತಿಗೆ ಸೇವೆ ಚೇತರಿಸಿಕೊಂಡಿತ್ತು. ಆ ಬಳಿಕ ಕಂಪನಿ ಪ್ರಕಟಿಸಿದ ವಿವರಣೆಯಲ್ಲಿ, ಯಂತ್ರಗಳು ಪಟ್ಟಿ ಕೇಳುವ ವೇಗವನ್ನು ತಗ್ಗಿಸುವುದಾಗಿಯೂ ಉತ್ತರಕ್ಕೆ ಕೊಡುವ ಗಡುವನ್ನು ಹೆಚ್ಚಿಸುವುದಾಗಿಯೂ ಹೇಳಿತು. ನಿಮಿಷಗಳ ತೊಡಕು, ಗಂಟೆಗಳ ಕುಸಿತ. ನಡುವಿನ ಸೇತುವೆ ಮರುಯತ್ನ.

ಏನಾಯಿತೆಂದು ಕೇಳಿದ್ದೇ ಹೆಚ್ಚಾಯಿತು

ನಮ್ಮಲ್ಲೇ ಆದದ್ದಕ್ಕೆ ಬರೋಣ. 2025ರ ಏಪ್ರಿಲ್ 12, ಶನಿವಾರ. ನಡುಹಗಲಲ್ಲಿ ದೇಶದಾದ್ಯಂತ ಯುಪಿಐ ಪಾವತಿಗಳು ತಡವರಿಸಿದವು. ಅಂಗಡಿಗಳಲ್ಲಿ, ಪೆಟ್ರೋಲ್ ಬಂಕುಗಳಲ್ಲಿ ಜನ ನೋಟಿಗಾಗಿ ಜೇಬು ತಡಕಾಡಿದರು. ಕೆಲವೇ ವಾರಗಳ ಅವಧಿಯಲ್ಲಿ ಇಂಥದು ಇದು ಮೊದಲ ಸಲವೂ ಆಗಿರಲಿಲ್ಲ. ಎನ್‌ಪಿಸಿಐ ಪರಿಶೀಲಿಸಿ ಕಂಡುಕೊಂಡ ಕಾರಣ ಗಮನಿಸಬೇಕಾದದ್ದು. ವ್ಯವಸ್ಥೆಯನ್ನು ಮುಳುಗಿಸಿದ್ದು ಪಾವತಿಗಳಲ್ಲ, ಪಾವತಿ ಏನಾಯಿತು ಎಂಬ ವಿಚಾರಣೆಗಳು. ಚೆಕ್ ಟ್ರಾನ್ಸಾಕ್ಷನ್ ಎಂಬ ಈ ವಿಚಾರಣೆಯನ್ನು ಕೆಲವು ಬ್ಯಾಂಕುಗಳು ಪ್ರವಾಹದಂತೆ ಕಳಿಸಿದ್ದವು. ಹಳೆಯ ವಹಿವಾಟುಗಳ ಬಗ್ಗೆಯೂ ಮತ್ತೆ ಮತ್ತೆ ಕೇಳಿದ್ದವು.

ಸುತ್ತು ಹೇಗೆ ಕಟ್ಟಿಕೊಳ್ಳುತ್ತದೆ ನೋಡಿ. ಪಾವತಿ ತಡವಾದರೆ ಅದರ ಗತಿ ತಿಳಿಯದು. ತಿಳಿಯದ್ದರಿಂದ ವಿಚಾರಣೆ. ವಿಚಾರಣೆಯೂ ಅದೇ ಯಂತ್ರಗಳ ಹೊತ್ತನ್ನೇ ತಿನ್ನುತ್ತದೆ. ಅದರಿಂದ ಇನ್ನಷ್ಟು ಪಾವತಿ ತಡ, ಇನ್ನಷ್ಟು ವಿಚಾರಣೆ.

ಮದ್ದು ಕೂಡ ಅಷ್ಟೇ ನೇರವಾಗಿತ್ತು. ಅದೇ ತಿಂಗಳ ಕೊನೆಗೆ ಎನ್‌ಪಿಸಿಐ ಬ್ಯಾಂಕುಗಳಿಗೆ ಸೂಚನೆ ಹೊರಡಿಸಿತು: ಮೊದಲ ವಿಚಾರಣೆಗೆ ಮುನ್ನ ಕನಿಷ್ಠ 90 ಸೆಕೆಂಡು ಕಾಯಬೇಕು, ಎರಡು ಗಂಟೆಯೊಳಗೆ ಮೂರು ಸಲಕ್ಕಿಂತ ಹೆಚ್ಚು ಕೇಳಬಾರದು. 2025ರ ಆಗಸ್ಟ್ 1ರಿಂದ ಬಳಕೆದಾರರಿಗೂ ಮಿತಿ ಬಂತು: ಒಂದು ಆ್ಯಪ್‌ನಲ್ಲಿ ದಿನಕ್ಕೆ 50 ಸಲ ಮಾತ್ರ ಬ್ಯಾಲೆನ್ಸ್ ನೋಡಬಹುದು. ತಿಂಗಳ ಕಂತು, ಚಂದಾ ಮುಂತಾದ ತಾನಾಗಿಯೇ ಕಡಿತವಾಗುವ ಪಾವತಿಗಳನ್ನು ಸಂದಣಿಯಿಲ್ಲದ ಹೊತ್ತಿಗೆ ಸರಿಸಲಾಯಿತು. ಇದನ್ನು ಸೌಲಭ್ಯ ಕಿತ್ತುಕೊಂಡರು ಎಂದು ಕಂಡವರಿದ್ದಾರೆ. ಕಾವಲಿಯ ಮುಂದಿನ ಲೆಕ್ಕ ಬಲ್ಲವರಿಗೆ ಇದು ಎಲ್ಲರ ಪಾವತಿಯನ್ನೂ ಕಾಯುವ ಕ್ರಮವಾಗಿ ಕಾಣುತ್ತದೆ.

ನಾನೂರು ಗಜದ ಪಾಠ

ಈ ರೋಗ ಹೊಸದಲ್ಲ, ಇಂಟರ್‌ನೆಟ್ ತೊಟ್ಟಿಲಲ್ಲಿದ್ದಾಗಲೇ ಅದಕ್ಕೆ ತಗುಲಿತ್ತು. ಫೋರ್ಡ್ ಏರೋಸ್ಪೇಸ್‌ನ ಜಾನ್ ನೇಗಲ್ 1984ರಲ್ಲೇ ದಟ್ಟಣೆಯ ಕುಸಿತದ ಬಗ್ಗೆ ಬರೆದು ಎಚ್ಚರಿಸಿದ್ದರು. 1986ರ ಅಕ್ಟೋಬರಿನಲ್ಲಿ ಅದು ಕಣ್ಣೆದುರೇ ನಡೆಯಿತು. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಪಕ್ಕದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವೆ ಇದ್ದದ್ದು 400 ಗಜ. ಸೆಕೆಂಡಿಗೆ 32,000 ಬಿಟ್ ಸಾಗಿಸುತ್ತಿದ್ದ ಆ ಸಂಪರ್ಕ 40 ಬಿಟ್‌ಗೆ ಬಿದ್ದಿತು. 800 ಪಟ್ಟು ಕುಸಿತ. ತಂತಿ ಕಡಿದಿರಲಿಲ್ಲ, ಯಂತ್ರ ಕೆಟ್ಟಿರಲಿಲ್ಲ. ಉತ್ತರ ತಡವಾದ ದತ್ತಾಂಶದ ಪೊಟ್ಟಣಗಳನ್ನು (ಪ್ಯಾಕೆಟ್) ಕಂಪ್ಯೂಟರುಗಳು ಮತ್ತೆ ಮತ್ತೆ ಕಳಿಸಿ, ಆಗಲೇ ತಲುಪಿದ್ದ ಪೊಟ್ಟಣಗಳ ಪ್ರತಿಗಳಿಂದಲೇ ದಾರಿಯನ್ನು ತುಂಬಿಸಿದ್ದವು.

ಪ್ರಯೋಗಾಲಯದ ವ್ಯಾನ್ ಜೇಕಬ್ಸನ್ ಮತ್ತು ವಿಶ್ವವಿದ್ಯಾಲಯದ ಮೈಕೆಲ್ ಕ್ಯಾರೆಲ್ಸ್ ಇದರ ಬೆನ್ನು ಹತ್ತಿದರು. 1988ರಲ್ಲಿ ಪ್ರಕಟವಾದ ಅವರ ಪರಿಹಾರದ ತಿರುಳು ಇಷ್ಟು: ನಿಧಾನವಾಗಿ ಶುರುಮಾಡು, ಉತ್ತರ ಬರುವ ವೇಗದಲ್ಲೇ ಹೊಸದನ್ನು ಕಳಿಸು, ನಷ್ಟದ ಸುಳಿವು ಸಿಕ್ಕ ಕೂಡಲೇ ಹಿಂದೆ ಸರಿ. ಯಾವುದೋ ಮೇಲಧಿಕಾರಿ ಯಂತ್ರ ಸಂಚಾರ ನಿಯಂತ್ರಿಸುವುದಲ್ಲ. ಪ್ರತಿಯೊಂದು ಕಂಪ್ಯೂಟರೂ ತಾನೇ ತನ್ನ ಕೈ ಬಿಗಿಹಿಡಿಯುವುದು. ಇವತ್ತು ನಿಮ್ಮ ಫೋನಿನಲ್ಲಿ ವಿಡಿಯೊ ಓಡುತ್ತಿದೆಯಾದರೆ ಅದಕ್ಕೆ ಆ ಸಂಯಮದ ಪರಂಪರೆಯೂ ಕಾರಣ.

ಬಿಡುವು, ಚದುರಿಕೆ, ಮಿತಿ

ಹಾಗಾದರೆ ಮರುಯತ್ನವನ್ನು ಪಳಗಿಸುವುದು ಹೇಗೆ? ಇಂಜಿನಿಯರುಗಳು ಅನುಭವದಿಂದ ಕಂಡುಕೊಂಡ ನಿಯಮಗಳು ಕೆಲವೇ.

ಮೊದಲನೆಯದು ಬಿಡುವು. ಒಂದು ಸಲ ಉತ್ತರ ಬಾರದಿದ್ದರೆ ಒಂದು ಸೆಕೆಂಡು ಕಾಯಬೇಕು, ಮತ್ತೆ ಬಾರದಿದ್ದರೆ ಎರಡು, ಆಮೇಲೆ ನಾಲ್ಕು, ಎಂಟು. ಬಿಡುವು ಪ್ರತಿ ಸಲ ದುಪ್ಪಟ್ಟಾಗುತ್ತದೆ. ಇದರಿಂದ ಬಳಲಿದ ಯಂತ್ರಕ್ಕೆ ಉಸಿರಾಡಲು ಹೊತ್ತು ಸಿಗುತ್ತದೆ.

ಎರಡನೆಯದು ಚದುರಿಕೆ. ಎಲ್ಲರೂ ಸರಿಯಾಗಿ ನಾಲ್ಕು ಸೆಕೆಂಡು ಕಾದರೆ ನಾಲ್ಕನೆಯ ಸೆಕೆಂಡಿಗೆ ಎಲ್ಲರೂ ಒಟ್ಟಿಗೆ ಮುಗಿಬೀಳುತ್ತಾರೆ. ಆದ್ದರಿಂದ ಬಿಡುವಿನೊಳಗೆ ಒಬ್ಬೊಬ್ಬರೂ ಮನಬಂದಷ್ಟು ಹೊತ್ತು ಆರಿಸಿಕೊಳ್ಳಬೇಕು. ಈ ಉಪಾಯ ಹವಾಯಿ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಅಬ್ರಾಮ್ಸನ್ ತಂಡ 1971ರಲ್ಲಿ ನಡೆಸಿದ ಅಲೋಹಾನೆಟ್‌ನಿಂದ ಬಂದದ್ದು. ದ್ವೀಪಗಳಲ್ಲಿದ್ದ ಯಂತ್ರಗಳು ಒಂದೇ ರೇಡಿಯೊ ತರಂಗದಲ್ಲಿ ಮಾತಾಡುತ್ತಿದ್ದವು. ಎರಡರ ಮಾತು ಡಿಕ್ಕಿಯಾದರೆ ಎರಡೂ ಬೇರೆ ಬೇರೆ ಹೊತ್ತು ಸುಮ್ಮನಿದ್ದು ಮತ್ತೆ ಯತ್ನಿಸುತ್ತಿದ್ದವು. ಬಾಬ್ ಮೆಟ್‌ಕಾಫ್ 1973ರಲ್ಲಿ ರೂಪಿಸತೊಡಗಿದ ಈಥರ್‌ನೆಟ್ ಈ ಯೋಚನೆಯನ್ನು ಬೆಳೆಸಿ ದುಪ್ಪಟ್ಟು ಬಿಡುವಿನ ಜೊತೆ ಸೇರಿಸಿತು.

ಮೂರನೆಯದು ಮಿತಿ. ಗೂಗಲ್‌ನ ಇಂಜಿನಿಯರುಗಳು ತಮ್ಮ ವ್ಯವಸ್ಥೆಗಳ ಬಗ್ಗೆ 2016ರಲ್ಲಿ ತಂದ ಪುಸ್ತಕದಲ್ಲಿ ಎರಡು ಬೇಲಿಗಳ ಮಾತಿದೆ: ಒಂದು ಕೋರಿಕೆಗೆ ಮೂರೇ ಪ್ರಯತ್ನ, ಜೊತೆಗೆ, ಕೇಳುವ ಯಂತ್ರವೊಂದರ ಒಟ್ಟು ಕೋರಿಕೆಗಳಲ್ಲಿ ಮರುಯತ್ನದ ಪಾಲು ಶೇ 10 ಮೀರಬಾರದು. ಎರಡನೆಯ ಬೇಲಿ ಮುಖ್ಯ. ಎಲ್ಲೋ ಒಂದು ಕೋರಿಕೆ ಸೋತಾಗ ಮರುಯತ್ನ ಧಾರಾಳವಾಗಿ ಸಿಗುತ್ತದೆ. ಎಲ್ಲವೂ ಸೋಲುತ್ತಿರುವಾಗ ಹೊರೆ ಹತ್ತನೇ ಒಂದು ಪಾಲಿನಷ್ಟು ಮಾತ್ರ ಏರುತ್ತದೆ, 81 ಪಟ್ಟು ಏರುವುದಿಲ್ಲ.

ಕೇಳಿಸಿಕೊಳ್ಳುವ ಬದಿಗೂ ಕೆಲಸವಿದೆ. ಮಾಡಲಾಗದ ಕೆಲಸವನ್ನು ಬಾಗಿಲಲ್ಲೇ ನಿಲ್ಲಿಸಿ ಆಗುವುದಿಲ್ಲ ಎನ್ನಬೇಕು. ಕಾಯಿಸಿ ಕಾಯಿಸಿ ಇಲ್ಲವೆನ್ನುವುದಕ್ಕಿಂತ ಕೂಡಲೇ ಇಲ್ಲವೆನ್ನುವುದರಲ್ಲಿ ಇಬ್ಬರಿಗೂ ಲಾಭ; ನೂರರಲ್ಲಿ ಇಪ್ಪತ್ತನ್ನು ತಿರುಗಿಸಿ ಕಳಿಸಿದರೆ ಎಂಬತ್ತಾದರೂ ದಡ ಸೇರುತ್ತವೆ. ಫೇಸ್‌ಬುಕ್‌ನ ಬೆನ್ ಮೌರರ್ 2015ರಲ್ಲಿ ಬರೆದ ಲೇಖನದಲ್ಲಿ ಇನ್ನೊಂದು ಉಪಾಯವಿದೆ, ಮೊದಲ ಸಲ ಕೇಳಿದಾಗ ಅನ್ಯಾಯವೆನಿಸುವಂಥದು. ಎಂದಿನ ದಿನ ಮೊದಲು ಬಂದವರಿಗೆ ಮೊದಲು. ಸಾಲು ಕಟ್ಟಿದಾಗ ಮಾತ್ರ ಕ್ರಮ ತಿರುವುಮುರುವು: ಈಗ ತಾನೇ ಬಂದ ಚೀಟಿಗೆ ಮೊದಲ ದೋಸೆ. ಹಳೆಯ ಚೀಟಿಯವನು ಎದ್ದುಹೋಗಿರುವ ಸಂಭವ ಹೆಚ್ಚು, ಹೊಸ ಚೀಟಿಯವನು ಖಂಡಿತ ನಿಂತಿದ್ದಾನೆ. ಹೀಗೆ ಮಾಡಿದ ಕ್ಷಣದಿಂದ ಮತ್ತೆ ಯಾರಾದರೂ ತಿನ್ನತೊಡಗುತ್ತಾರೆ.

ಒಮ್ಮೆಯ ನಿಯಮ

ಕೊನೆಯ ನಿಯಮ ಹಣದ ವಿಷಯದಲ್ಲಿ ಎಲ್ಲಕ್ಕಿಂತ ದೊಡ್ಡದು. ಒಂದೇ ಕೋರಿಕೆ ಎಷ್ಟು ಸಲ ಬಂದರೂ ಕೆಲಸ ಒಂದೇ ಸಲ ಆಗಬೇಕು. ಇದನ್ನು ಒಮ್ಮೆಯ ನಿಯಮ ಎನ್ನೋಣ. ಇದಕ್ಕಾಗಿ ಪ್ರತಿ ಯುಪಿಐ ವಹಿವಾಟಿಗೂ ಅದರದೇ ಗುರುತಿನ ಸಂಖ್ಯೆ ಇರುತ್ತದೆ. ಅದೇ ಸಂಖ್ಯೆ ಎರಡನೆಯ ಸಲ ಬಂದರೆ ಬ್ಯಾಂಕಿಗೆ ಇದು ಹಳೆಯದರ ಪ್ರತಿ ಎಂದು ಗೊತ್ತಾಗುತ್ತದೆ.

ಆದರೆ ನೀವು ಮತ್ತೆ ಸ್ಕ್ಯಾನ್ ಮಾಡಿ ಮತ್ತೆ ಪಿನ್ ಒತ್ತಿದರೆ ಹುಟ್ಟುವುದು ಹೊಸ ಸಂಖ್ಯೆ. ವ್ಯವಸ್ಥೆಯ ಕಣ್ಣಿಗೆ ಅದು ಬೇರೆಯದೇ ವಹಿವಾಟು. ಮೊದಲನೆಯದು ತಡವಾಗಿ ದಡ ಸೇರಿದರೆ ಹಣ ಎರಡು ಸಲ ಹೋಗುತ್ತದೆ. ಯಂತ್ರದ ಮರುಯತ್ನಕ್ಕೆ ಇರುವ ರಕ್ಷಣೆ ಬೆರಳಿನ ಮರುಯತ್ನಕ್ಕೆ ಇಲ್ಲ.

ಆದ್ದರಿಂದ ಪರದೆಯ ಮೇಲೆ ಪೆಂಡಿಂಗ್ ಎಂದು ಕಂಡರೆ ಅದನ್ನು ಸೋಲು ಎಂದು ಓದಬೇಡಿ. ಆ್ಯಪ್‌ನ ಇತಿಹಾಸ ತೆರೆದು, ಒಂದೆರಡು ನಿಮಿಷ ಬಿಟ್ಟು, ಅದೇ ವಹಿವಾಟು ಏನಾಯಿತೆಂದು ನೋಡಿ. ಅವಸರವಿದ್ದರೆ ನೋಟು ಕೊಡಿ. ಖಾತೆಯಿಂದ ಹಣ ಹೋಗಿ ಆಚೆ ತಲುಪದಿದ್ದರೆ ಅದನ್ನು ಹಿಂದಿರುಗಿಸಲು ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರಿನಲ್ಲೇ ಗಡುವು ಹಾಕಿದೆ: ವ್ಯಕ್ತಿಗೆ ಕಳಿಸಿದ್ದಾದರೆ ವಹಿವಾಟಿನ ಮರುದಿನದೊಳಗೆ, ಅಂಗಡಿಗೆ ಕೊಟ್ಟದ್ದಾದರೆ ಐದು ದಿನದೊಳಗೆ. ತಪ್ಪಿದರೆ ದಿನಕ್ಕೆ 100 ರೂಪಾಯಿ ಪರಿಹಾರ ನಿಮ್ಮ ಹಕ್ಕು.

ಇನ್ನೊಂದು ಮಾತು ಸಾಫ್ಟ್‌ವೇರ್ ಬರೆಯುವ ಓದುಗರಿಗೆ. ನಿಮ್ಮ ಪ್ರೋಗ್ರಾಮಿನಲ್ಲಿ ಮರುಯತ್ನದ ಸಾಲು ಬರೆಯುವಾಗ ನಾಲ್ಕು ಪ್ರಶ್ನೆಗೆ ಉತ್ತರವನ್ನೂ ಬರೆಯಿರಿ: ಎಷ್ಟು ಸಲ, ಎಷ್ಟು ಬಿಡುವಿನ ಮೇಲೆ, ನನ್ನ ಮೇಲಿನ ಹಂತವೂ ಇದನ್ನೇ ಮಾಡುತ್ತಿದೆಯೇ, ಯಾವಾಗ ಕೈಬಿಡಬೇಕು. ಎಲ್ಲ ಸರಿಯಿರುವ ದಿನ ಈ ಉತ್ತರಗಳು ಯಾರ ಗಮನಕ್ಕೂ ಬರುವುದಿಲ್ಲ. ಕೋಟಿಗಟ್ಟಲೆ ಜನ ಒಟ್ಟಿಗೆ ಬಾಗಿಲು ತಟ್ಟುವ ದಿನ ವ್ಯವಸ್ಥೆ ನಿಲ್ಲುವುದೋ ಬೀಳುವುದೋ ಎಂಬುದನ್ನು ತೀರ್ಮಾನಿಸುವುದು ಅವೇ.